ಶಾರ್ಕ್ ಪಕ್ಕದ ಮೀನನ್ನು ಯಾಕೆ ತಿನ್ನುವುದಿಲ್ಲ? ದೊಡ್ಡ ಅಕ್ವೇರಿಯಂನ ಹಿಂಬಾಗಿಲಿನ ಲೆಕ್ಕಾಚಾರ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮಾಂಟೆರೆ ಬೇ ಅಕ್ವೇರಿಯಂ ನೋಡಿದೆವು. ಒಂದೇ ತೊಟ್ಟಿಯಲ್ಲಿ ಶಾರ್ಕ್, ಆಮೆ, ಲೆಕ್ಕವಿಲ್ಲದಷ್ಟು ಸಣ್ಣ ಮೀನು. ಶಾರ್ಕ್ ಅವನ್ನೆಲ್ಲ ಯಾಕೆ ತಿಂದು ಮುಗಿಸುವುದಿಲ್ಲ? ಅಷ್ಟೊಂದು ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತಾರೆ? ನಮ್ಮ ಮನೆಯ ತೊಟ್ಟಿಯನ್ನು ಪ್ರತಿ ಭಾನುವಾರ ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆದು, ನಲ್ಲಿ ನೀರು ತುಂಬಿಸುತ್ತೇವೆ. ಆದರೂ ಗೋಲ್ಡ್‌ಫಿಷ್ ತಿಂಗಳು ದಾಟುವುದಿಲ್ಲ. ದೊಡ್ಡ ಅಕ್ವೇರಿಯಂಗಳಲ್ಲಿ ಸತ್ತದ್ದನ್ನು ರಾತ್ರೋರಾತ್ರಿ ತೆಗೆದು ಬೇರೆ ಬಿಡುತ್ತಾರೆ ಎಂದು ಅಳಿಯ ಹೇಳಿದರು. ನಿಜವೇ? ಮೊಮ್ಮಗಳಂತೂ ದೊಡ್ಡವಳಾದ ಮೇಲೆ ಅಲ್ಲೇ ಕೆಲಸಕ್ಕೆ ಸೇರುತ್ತೇನೆ ಎನ್ನುತ್ತಿದ್ದಾಳೆ. ಅದಕ್ಕೆ ಏನು ಓದಬೇಕು?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ನಿಮ್ಮ ಅಳಿಯಂದಿರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಊಟದ ವಿಚಾರ ಮಾತಾಡೋಣ, ಏಕೆಂದರೆ ನೀವು ಕೇಳಿದ ಅಷ್ಟೂ ಪ್ರಶ್ನೆಗಳು ಸುತ್ತಿ ಬಂದು ನಿಲ್ಲುವುದು ಅಲ್ಲೇ. ಶಾರ್ಕ್ ಪಕ್ಕದ ಮೀನಿಗೆ ಬಾಯಿ ಹಾಕದಿರುವುದು, ನೀರು ಕೆಡದಿರುವುದು, ಪ್ರಾಣಿಗೆ ಹುಷಾರಿಲ್ಲ ಎಂದು ವೈದ್ಯರಿಗೆ ಗೊತ್ತಾಗುವುದು, ನಿಮ್ಮ ಗೋಲ್ಡ್‌ಫಿಷ್ ಸಾಯುವುದು, ಎಲ್ಲದರ ಹಿಂದೆಯೂ ಯಾರು ಏನು ತಿಂದರು, ಎಷ್ಟು ತಿಂದರು, ತಿಂದದ್ದು ಆಮೇಲೆ ಎಲ್ಲಿ ಹೋಯಿತು ಎಂಬ ಲೆಕ್ಕವಿದೆ.

ಶಾರ್ಕ್ ಎಂದರೆ ಸದಾ ಹಸಿದಿರುವ ಪ್ರಾಣಿ ಎಂಬ ಕಲ್ಪನೆಯನ್ನು ನಮಗೆ ಕೊಟ್ಟದ್ದು ಸಿನಿಮಾ. ಬಹುಪಾಲು ಶಾರ್ಕ್‌ಗಳು ಶೀತರಕ್ತದವು. ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಖರ್ಚು ಅವಕ್ಕಿಲ್ಲ, ಆದ್ದರಿಂದ ದಿನಕ್ಕೆ ಮೂರು ಹೊತ್ತು ಉಣ್ಣುವ ಅಗತ್ಯವೂ ಇಲ್ಲ. ಒಮ್ಮೆ ಹೊಟ್ಟೆ ತುಂಬಿದರೆ ಎರಡು ಮೂರು ದಿನ ತಮ್ಮ ಪಾಡಿಗೆ ಈಜುತ್ತಿರುತ್ತವೆ. ಬೇಟೆಗೆ ಶಕ್ತಿ ಬೇಕು, ಗಾಯವಾಗುವ ಭಯ ಬೇರೆ. ಕೋಲಿನ ತುದಿಯಲ್ಲಿ ಬಂಗುಡೆಯಂಥ ಮೀನು ಬಾಯಿಯ ಹತ್ತಿರಕ್ಕೇ ಬರುತ್ತಿರುವಾಗ ಆ ಕಷ್ಟ ಯಾರಿಗೆ ಬೇಕು? ಪಾಲಕರು ಮಾಡುವುದು ಇಷ್ಟೇ: ಶಾರ್ಕಿಗೆ ಹಸಿವಾಗುವ ಮೊದಲೇ ಬಡಿಸಿಬಿಡುತ್ತಾರೆ.

ಕೇಳಲು ಸುಲಭ. ಆದರೆ ಅದೇ ತೊಟ್ಟಿಯಲ್ಲಿ ಚುರುಕಾದ ಮೀನುಗಳಿವೆ, ನಿಧಾನದವೂ ಇವೆ. ನೀರಿಗೆ ಸುಮ್ಮನೆ ಆಹಾರ ಸುರಿದರೆ ಚುರುಕಾದವು ಕಬಳಿಸಿ, ನಿಧಾನದವು ಉಪವಾಸ ಬೀಳುತ್ತವೆ. ಅದಕ್ಕೆ ದೊಡ್ಡ ಪ್ರಾಣಿಗಳಿಗೆ ಒಂದೊಂದಕ್ಕೂ ಊಟದ ಜಾಗ ಮತ್ತು ಗುರುತನ್ನು ಅಭ್ಯಾಸ ಮಾಡಿಸುತ್ತಾರೆ. ಒಂದಕ್ಕೆ ಬಿಳಿ ಚೆಂಡು, ಇನ್ನೊಂದಕ್ಕೆ ಪಟ್ಟೆಯಿರುವ ಹಲಗೆ. ತನ್ನ ಗುರುತು ನೀರಿಗಿಳಿದಾಗ ಬಂದು ಮೂತಿ ತಾಗಿಸಿದರೆ ತುತ್ತು ಸಿಗುತ್ತದೆ. ಮೀನಿಗೆ ಬುದ್ಧಿಯಿಲ್ಲ ಎನ್ನುವವರು ಇದನ್ನೊಮ್ಮೆ ನೋಡಬೇಕು. ಮಾಂಟೆರೆಯಲ್ಲಿ ಇದ್ದ ಒಂದು ಸನ್‌ಫಿಶ್‌ಗೆ (ಬಾಲವಿಲ್ಲದ, ತಟ್ಟೆಯಾಕಾರದ, ಅರ್ಧ ಮೀನನ್ನು ಯಾರೋ ಕತ್ತರಿಸಿ ತೆಗೆದಂತೆ ಕಾಣುವ ಆ ಪ್ರಾಣಿ ನಿಮ್ಮ ಮೊಮ್ಮಗಳಿಗೆ ಖಂಡಿತ ನೆನಪಿರುತ್ತದೆ) ಬಡಿಸಿದ್ದು ಸ್ವಲ್ಪ ಹೆಚ್ಚೇ ಆಯಿತು. 15 ತಿಂಗಳಲ್ಲಿ ಅದು 26 ಕಿಲೋದಿಂದ 399 ಕಿಲೋಗೆ ಬೆಳೆಯಿತು. ತೊಟ್ಟಿಯಿಂದ ಹೊರಗೊಯ್ಯಲು ಹೆಲಿಕಾಪ್ಟರ್ ತರಿಸಬೇಕಾಯಿತು.

ಹಾಗೆಂದು ಶಾರ್ಕ್ ಯಾರನ್ನೂ ತಿನ್ನುವುದೇ ಇಲ್ಲ ಎಂದಲ್ಲ. ನೀವು ನೋಡಿದ ಬೆಳ್ಳಿ ಬಣ್ಣದ ಹಿಂಡು ಸಾರ್ಡೀನ್ ಮೀನುಗಳದ್ದು. ನಮ್ಮ ಕರಾವಳಿಯ ಬೂತಾಯಿಯ ಸಂಬಂಧಿಕರು. ಆ ಹಿಂಡಿನಿಂದ ಆಗಾಗ ಒಂದೆರಡು ಕಡಿಮೆಯಾಗುತ್ತಿರುತ್ತವೆ, ಅದು ಅಲ್ಲಿನವರಿಗೂ ಗೊತ್ತು. ಹಸಿವು ಒಂದೇ ಕಾರಣವೂ ಅಲ್ಲ. 2016ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನ ಕೋಎಕ್ಸ್ ಅಕ್ವೇರಿಯಂನಲ್ಲಿ ಒಂದು ಸ್ಯಾಂಡ್ ಟೈಗರ್ ಶಾರ್ಕ್ ಜೊತೆಗಿದ್ದ ಸಣ್ಣ ಜಾತಿಯ ಶಾರ್ಕನ್ನು ಸಂದರ್ಶಕರ ಕಣ್ಣೆದುರೇ ತಲೆಯ ಕಡೆಯಿಂದ ನುಂಗಿತು. ಪೂರ್ತಿ ಒಳಗೆ ಹೋಗಲು ಸುಮಾರು 21 ಗಂಟೆ ಹಿಡಿಯಿತು. ಓಡಾಡುವಾಗ ಮೈಗೆ ಮೈ ತಾಗಿದ್ದೇ ಜಗಳಕ್ಕೆ ಕಾರಣವಿರಬೇಕು ಎಂದು ಅಲ್ಲಿನ ಸಿಬ್ಬಂದಿ ಹೇಳಿದರು. ಒಂದೇ ತೊಟ್ಟಿಗೆ ಯಾರ ಜೊತೆ ಯಾರನ್ನು ಬಿಡಬೇಕು ಎನ್ನುವುದು ಅದಕ್ಕೇ ತಲೆನೋವಿನ ಕೆಲಸ.

ಇನ್ನು ಅಡುಗೆಮನೆ. ಪ್ರದರ್ಶನದ ಗೋಡೆಯ ಹಿಂದೆ ಸ್ಟೀಲ್ ಮೇಜು, ಕತ್ತರಿಸುವ ಹಲಗೆ, ತೂಕದ ಯಂತ್ರ, ಆಳೆತ್ತರದ ಫ್ರೀಜರ್‌ಗಳಿರುವ ಕೋಣೆಯೊಂದು ಇದ್ದೇ ಇರುತ್ತದೆ. ಬೆಳಗ್ಗೆ ಬಾಗಿಲು ತೆರೆದು ಜನ ಬರುವ ಮೊದಲು ಅಲ್ಲಿ ಕಿಲೋಗಟ್ಟಲೆ ಬೊಂಡಾಸ್ (ಸ್ಕ್ವಿಡ್), ಸಿಗಡಿ, ಮರುವಾಯಿ ಎಂಬ ಚಿಪ್ಪಿನ ಜೀವಿ, ಮೀನು ಕತ್ತರಿಸಿ, ಹೆಸರು ಬರೆದ ಬಕೆಟ್‌ಗಳಿಗೆ ತೂಗಿ ಹಾಕಿ ಮುಗಿದಿರುತ್ತದೆ. ಕೊಳ್ಳುವುದು ಮನುಷ್ಯರು ತಿನ್ನುವ ದರ್ಜೆಯ ಮೀನನ್ನೇ. ಹೆಚ್ಚಿನದು ಹೆಪ್ಪುಗಟ್ಟಿಸಿದ್ದು. ಅದಕ್ಕೆ ಎರಡು ಕಾರಣ: ಹೆಪ್ಪುಗಟ್ಟಿಸಿದಾಗ ಅನೇಕ ಪರಾವಲಂಬಿ ಹುಳುಗಳು ಸಾಯುತ್ತವೆ, ಮತ್ತು ವರ್ಷವಿಡೀ ಒಂದೇ ಗುಣಮಟ್ಟದ್ದು ಸಿಗುತ್ತದೆ.

ಆದರೆ ಇದರಲ್ಲೊಂದು ಅಪಾಯವಿದೆ. ಕೆಲವು ಜಾತಿಯ ಮೀನು ಮತ್ತು ಚಿಪ್ಪಿನ ಜೀವಿಗಳ ಮಾಂಸದಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಫ್ರೀಜರ್‌ನಲ್ಲಿಟ್ಟರೂ ಅದು ಸುಮ್ಮನಿರುವುದಿಲ್ಲ, ಬಿ1 ಜೀವಸತ್ವವನ್ನು ಮೆಲ್ಲಗೆ ಹಾಳುಮಾಡುತ್ತ ಹೋಗುತ್ತದೆ. ಅಂಥ ಮೀನನ್ನೇ ತಿಂಗಳುಗಟ್ಟಲೆ ತಿಂದ ಪ್ರಾಣಿಗೆ ಮೊದಲು ಊಟ ಬೇಡವಾಗುತ್ತದೆ, ಆಮೇಲೆ ನರಗಳ ತೊಂದರೆ. ಹೊಟ್ಟೆ ತುಂಬಿದ್ದರೂ ಪೋಷಣೆಯಿಲ್ಲದ ಸ್ಥಿತಿ. ಆದ್ದರಿಂದ ಬಡಿಸುವ ಮೀನಿನ ಕಿವಿರಿನೊಳಗೆ ಅಥವಾ ಬೊಂಡಾಸಿನ ಹೊಟ್ಟೆಯೊಳಗೆ ಬಿ1 ಮತ್ತು ಇ ಜೀವಸತ್ವದ ಮಾತ್ರೆ ತೂರಿಸುತ್ತಾರೆ. ಮಾತ್ರೆಯಿರುವ ತುತ್ತನ್ನು ಸರಿಯಾದ ಪ್ರಾಣಿಯೇ ನುಂಗಿತೇ ಎಂದು ನೋಡಲು ಇನ್ನೊಬ್ಬರು ಪಕ್ಕದಲ್ಲಿ ನಿಂತಿರುತ್ತಾರೆ.

ಊಟದ ಬಿಲ್ಲಿನ ವಿಷಯದಲ್ಲಿ ಮಾಂಟೆರೆಯಲ್ಲಿ ಎಲ್ಲರನ್ನೂ ಮೀರಿಸುವುದು ಕಡಲ ನೀರುನಾಯಿ. ನಮ್ಮ ತುಂಗಭದ್ರೆಯಲ್ಲಿ ಕಾಣಸಿಗುವ ನೀರುನಾಯಿಗಳ ದಾಯಾದಿ, ಆದರೆ ಬಾಳುವುದು ಪೆಸಿಫಿಕ್‌ನ ತಣ್ಣನೆಯ ನೀರಿನಲ್ಲಿ. ತಿಮಿಂಗಿಲ, ಸೀಲ್‌ಗಳಿಗಿರುವ ದಪ್ಪ ಕೊಬ್ಬಿನ ಪದರ ಇದಕ್ಕಿಲ್ಲ. ಪ್ರಾಣಿಲೋಕದಲ್ಲೇ ಅತ್ಯಂತ ದಟ್ಟವಾದ ತುಪ್ಪಳ ಮತ್ತು ಬಿಡದೆ ಉರಿಯುವ ಜಠರಾಗ್ನಿ, ಎರಡೇ ಇದರ ಆಧಾರ. ದಿನಕ್ಕೆ ಮೈತೂಕದ ಸುಮಾರು ಕಾಲುಭಾಗ ತಿನ್ನುತ್ತದೆ. 20 ಕಿಲೋ ತೂಗುವ ಹೆಣ್ಣಿಗೆ 5 ಕಿಲೋ ಸಿಗಡಿ, ಏಡಿ, ಮರುವಾಯಿ, ಅದೂ ದಿನಾ.

ಈ ನೀರುನಾಯಿಗಳ ವಿಭಾಗದಲ್ಲಿ ನಡೆಯುವ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಸಂದರ್ಶಕರಿಗೆ ಕಾಣಿಸುವುದೇ ಇಲ್ಲ. ಬಿರುಗಾಳಿಗೆ ಸಿಕ್ಕೋ ತಾಯಿ ಸತ್ತೋ ದಡ ಸೇರಿದ ಅನಾಥ ಮರಿಗಳನ್ನು ಮಾಂಟೆರೆಯವರು ಆರಂಭದಿಂದಲೂ ಸಾಕುತ್ತಿದ್ದರು. ಮೊದಮೊದಲು ಸಿಬ್ಬಂದಿಯೇ ಬಾಟಲಿ ಹಿಡಿದು ಹಾಲೂಡಿಸಿ, ಸಮುದ್ರಕ್ಕಿಳಿದು ಈಜು ಕಲಿಸುತ್ತಿದ್ದರು. ಮರಿ ಬದುಕುತ್ತಿತ್ತು, ಆದರೆ ಮನುಷ್ಯರನ್ನೇ ತನ್ನವರೆಂದುಕೊಳ್ಳುತ್ತಿತ್ತು. ಸಮುದ್ರಕ್ಕೆ ಬಿಟ್ಟರೆ ದೋಣಿಗಳ ಹತ್ತಿರ ಹೋಗಿ ಊಟ ಕೇಳುವುದು. ಕಾಡುಪ್ರಾಣಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ. 2001ರಲ್ಲಿ ಟೂಲಾ ಎಂಬ ಹೆಣ್ಣು ನೀರುನಾಯಿ ಸತ್ತ ಮರಿಗೆ ಜನ್ಮ ಕೊಟ್ಟಿತು. ಅದೇ ಸಮಯಕ್ಕೆ ಅನಾಥ ಮರಿಯೊಂದು ಬಂದಿತ್ತು. ಅದನ್ನು ಟೂಲಾ ಹತ್ತಿರ ಬಿಟ್ಟರು, ಅವಳು ತನ್ನದೇ ಎಂಬಂತೆ ಎದೆಯ ಮೇಲೆ ಹೊತ್ತುಕೊಂಡಳು. ಅಲ್ಲಿಂದ ಸಾಕುತಾಯಿ ಪದ್ಧತಿ ಶುರುವಾಯಿತು. ಏಡಿಯ ಚಿಪ್ಪು ಒಡೆಯುವುದು, ಕಲ್ಲಿಗೆ ಮರುವಾಯಿ ಕುಟ್ಟುವುದು, ತುಪ್ಪಳ ತಿಕ್ಕಿಕೊಳ್ಳುವುದು, ಇವನ್ನು ನೀರುನಾಯಿಯೇ ನೀರುನಾಯಿಗೆ ಕಲಿಸಬೇಕು. ಮರಿಯನ್ನು ಮುಟ್ಟಲೇಬೇಕಾದಾಗ ಸಿಬ್ಬಂದಿ ಕಪ್ಪು ನಿಲುವಂಗಿ ತೊಟ್ಟು, ಮುಖಕ್ಕೆ ವೆಲ್ಡಿಂಗ್ ಮಾಡುವವರ ಮುಖವಾಡ ಹಾಕಿಕೊಂಡು ಹೋಗುತ್ತಾರೆ. ಮನುಷ್ಯನ ಮುಖಕ್ಕೂ ಊಟಕ್ಕೂ ಮರಿಯ ತಲೆಯಲ್ಲಿ ಸಂಬಂಧ ಬೆಳೆಯಬಾರದು ಅಷ್ಟೇ.

ಇದು ಫಲಿಸಿತೇ? 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೀಗೆ ಬೆಳೆದು ಎಲ್ಕ್‌ಹಾರ್ನ್ ಸ್ಲೂ ಎಂಬ ಹತ್ತಿರದ ಅಳಿವೆಗೆ ಬಿಟ್ಟ 37 ಮರಿಗಳನ್ನು ಲೆಕ್ಕ ಹಾಕಿತು. ಸಮುದ್ರದಲ್ಲೇ ಹುಟ್ಟಿ ಬೆಳೆದವುಗಳಷ್ಟೇ ಚೆನ್ನಾಗಿ ಇವೂ ಬದುಕಿದ್ದವು. ಅಷ್ಟೇ ಅಲ್ಲ, ಆ ಅಳಿವೆಯಲ್ಲಿ ನೀರುನಾಯಿಗಳ ಸಂಖ್ಯೆ ಏರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಸಾಕುಮರಿಗಳದ್ದು ಮತ್ತು ಅವುಗಳ ಸಂತಾನದ್ದು. ಅಕ್ವೇರಿಯಂ ಎಂದರೆ ಪ್ರಾಣಿಗಳ ಜೈಲು ಎಂದು ವಾದಿಸುವವರ ಜೊತೆ ನಾನು ಎಷ್ಟೋ ಸಲ ಒಪ್ಪುತ್ತೇನೆ. ಈ ವಿಭಾಗದ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ.

ಈಗ ನೀರಿಗೆ ಬರೋಣ. ನಿಮ್ಮ ಗೋಲ್ಡ್‌ಫಿಷ್ ಸಾಯುವುದಕ್ಕೂ ಉತ್ತರ ಇಲ್ಲೇ ಇದೆ.

ಮೀನು ತಿಂದ ಪ್ರೋಟೀನಿನ ಕಸ ಅಮೋನಿಯಾ ಆಗಿ ಹೊರಬೀಳುತ್ತದೆ, ಬಹುಪಾಲು ಕಿವಿರಿನ ಮೂಲಕವೇ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ನೀರು ಸ್ಫಟಿಕದಷ್ಟು ತಿಳಿಯಾಗಿದ್ದರೂ ಮೀನಿನ ಪಾಲಿಗೆ ವಿಷವಾಗಿರಬಹುದು. ಅದನ್ನು ತೆಗೆಯುವವರು ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ, ಇದನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳು ತೇಲುತ್ತಿರುವುದಿಲ್ಲ. ಫಿಲ್ಟರಿನ ಸ್ಪಂಜು, ಮರಳು, ಕಲ್ಲು, ತೊಟ್ಟಿಯ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಹೆಚ್ಚುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ದೊಡ್ಡ ಅಕ್ವೇರಿಯಂಗಳಲ್ಲಿ ಇವಕ್ಕೆಂದೇ ಕಟ್ಟಿದ ಗೋಪುರದಂಥ ಫಿಲ್ಟರ್‌ಗಳಿರುತ್ತವೆ, ಅವನ್ನು ಯಾರೂ ತಪ್ಪಿಯೂ ಉಜ್ಜಿ ತೊಳೆಯುವುದಿಲ್ಲ.

ನೀವು ಪ್ರತಿ ಭಾನುವಾರ ಪ್ರೀತಿಯಿಂದ ಉಜ್ಜಿ ಹೊರಗೆ ಚೆಲ್ಲುತ್ತಿರುವುದು ಅವುಗಳನ್ನೇ. ಉಳಿದ ಒಂದಿಷ್ಟನ್ನು ನಲ್ಲಿ ನೀರಿನ ಕ್ಲೋರಿನ್ ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಸುಡುತ್ತದೆ. ಸೋಮವಾರದಿಂದ ಅಮೋನಿಯಾ ಏರತೊಡಗುತ್ತದೆ. ಗೋಲ್ಡ್‌ಫಿಷ್ ಬೇರೆ ಹೊಟ್ಟೆಬಾಕ. ಗೇಣುದ್ದ ಬೆಳೆಯಬಲ್ಲ ಮೀನು ಅದು, ಅಂಗಡಿಯವರು ಕೊಡುವ ದುಂಡು ಬೋಗುಣಿಯಲ್ಲಿ ಇಡುವಂಥದ್ದಲ್ಲ. ಹೀಗೆ ಮಾಡಿ. ತೊಟ್ಟಿ ದೊಡ್ಡದಿರಲಿ, ಒಂದು ಸ್ಪಂಜ್ ಫಿಲ್ಟರ್ ಸದಾ ಓಡುತ್ತಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಮಾತ್ರ ತೆಗೆಯಿರಿ. ಬದಲಿಗೆ ಹಾಕುವ ನೀರನ್ನು ಹಿಂದಿನ ದಿನವೇ ತೆರೆದ ಬಕೆಟ್‌ನಲ್ಲಿ ಹಿಡಿದಿಡಿ, ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಕ್ಲೋರಿನ್ ತೆಗೆಯುವ ದ್ರಾವಣ ಸಿಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ, ನಲ್ಲಿ ಕೆಳಗೆ ಹಿಡಿಯಬೇಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು. ಮೀನು ಬಾಯಿ ತೆರೆಯುತ್ತಿದೆ ಎಂದು ಮನೆಯವರೆಲ್ಲ ಸರದಿಯಲ್ಲಿ ಬಂದು ಚಿಟಿಕೆ ಚಿಟಿಕೆ ಹಾಕುವುದನ್ನು ನಿಲ್ಲಿಸಿ.

ಹಾಗಾದರೆ ಮಾಂಟೆರೆಯಲ್ಲಿ ನೀರು ಬದಲಾಯಿಸುತ್ತಾರೆಯೇ? ಅವರದು ಅದೃಷ್ಟ. 1984ರ ಅಕ್ಟೋಬರ್ 20ರಂದು ತೆರೆದ ಈ ಅಕ್ವೇರಿಯಂ ನಿಂತಿರುವುದು ಸಮುದ್ರದ ಅಂಚಿನಲ್ಲೇ ಇದ್ದ ಹಳೆಯ ಸಾರ್ಡೀನ್ ಡಬ್ಬಿ ಕಾರ್ಖಾನೆಯ ಜಾಗದಲ್ಲಿ. ಒಂದು ಕಾಲದಲ್ಲಿ ಸಾರ್ಡೀನ್ ತುಂಬಿ ಡಬ್ಬಿ ಕಳಿಸುತ್ತಿದ್ದ ಜಾಗದಲ್ಲಿ ಈಗ ಸಾರ್ಡೀನ್‌ಗೆ ಊಟ ಹಾಕುತ್ತಾರೆ. ಪಂಪುಗಳು ಕೊಲ್ಲಿಯ ನೀರನ್ನು ನಿಮಿಷಕ್ಕೆ ಏಳು ಸಾವಿರ ಲೀಟರ್‌ಗೂ ಹೆಚ್ಚು ಎಳೆದು ಒಳಗೆ ತರಬಲ್ಲವು. ಹಗಲು ಜನರಿಗೆ ಕಾಣಬೇಕಲ್ಲ, ಸೋಸಿದ ತಿಳಿನೀರು ಬಿಡುತ್ತಾರೆ. ರಾತ್ರಿ ಬಾಗಿಲು ಹಾಕಿದ ಮೇಲೆ ಸೋಸದ ನೀರನ್ನೇ ಹರಿಸುತ್ತಾರೆ. ಅದರೊಂದಿಗೆ ಪ್ಲವಕಗಳೆಂಬ ತೇಲುವ ಸೂಕ್ಷ್ಮ ಜೀವಿಗಳು, ಚಿಪ್ಪಿನ ಜೀವಿಗಳ ಮರಿಗಳು, ಕಡಲಕಳೆಯ ಬೀಜಕಗಳು ಬರುತ್ತವೆ. ಬಂಡೆಗೆ ಅಂಟಿಕೊಂಡು ಸೋಸಿ ತಿನ್ನುವ ಜೀವಿಗಳಿಗೆ ಅದೇ ರಾತ್ರಿಯೂಟ. ಎಷ್ಟೋ ಸ್ಪಂಜುಗಳು, ಹವಳದ ಬಂಧುಗಳು ಅಲ್ಲಿಗೆ ಯಾರೂ ತಂದಿಡದೆ ಹೀಗೆ ತಾವೇ ಬಂದು ನೆಲೆಸಿದವು.

ಎಂಟೂವರೆ ಮೀಟರ್ ಎತ್ತರದ, ಸುಮಾರು 13 ಲಕ್ಷ ಲೀಟರ್ ಹಿಡಿಯುವ ಕೆಲ್ಪ್ ಕಾಡಿನ ತೊಟ್ಟಿ ಇದರಿಂದಲೇ ಬದುಕಿರುವುದು. ಕೆಲ್ಪ್ ಎಂಬ ಆ ದೈತ್ಯ ಕಡಲಕಳೆಗೆ ನೆಲದಿಂದ ಆಹಾರ ಹೀರುವ ಬೇರಿಲ್ಲ. ಎಲೆಗಳ ಮೇಲೆ ಹಾದುಹೋಗುವ ನೀರಿನಿಂದಲೇ ಎಲ್ಲವನ್ನೂ ಪಡೆಯಬೇಕು. ನಿಂತ ನೀರಿನಲ್ಲಿ ಅದು ಉಪವಾಸ ಸಾಯುತ್ತದೆ. ಅದಕ್ಕೆ ಮೇಲೆ ಸೂರಿಲ್ಲದೆ ಬಿಸಿಲು ಬೀಳುವಂತೆ ಬಿಟ್ಟು, ಅಲೆಯೆಬ್ಬಿಸುವ ಯಂತ್ರ ಕೂರಿಸಿದರು. ಆ ಯಂತ್ರಕ್ಕೆ ಸ್ವತಃ ಕೈಹಚ್ಚಿದವರು ಡೇವಿಡ್ ಪ್ಯಾಕರ್ಡ್, ಎಚ್‌ಪಿ ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬರು. ನಿಮ್ಮ ಮಗಳ ಆಫೀಸಿನ ಪ್ರಿಂಟರಿನ ಮೇಲಿರುವ ಅಕ್ಷರಗಳಲ್ಲಿ ಎರಡನೆಯದು ಅವರದು. ಅಕ್ವೇರಿಯಂ ಕಟ್ಟಲು ಹಣ ಕೊಟ್ಟದ್ದೂ ಅವರ ಕುಟುಂಬವೇ. ಈಗ ಆ ಕೆಲ್ಪ್ ದಿನಕ್ಕೆ ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ. ಮುಳುಗುಗಾರರು ಆಗಾಗ ಕತ್ತರಿ ಹಿಡಿದು ಇಳಿದು ಸವರದಿದ್ದರೆ ನಿಮಗೆ ಮೀನೇ ಕಾಣುತ್ತಿರಲಿಲ್ಲ.

ಸಮುದ್ರ ಪಕ್ಕದಲ್ಲಿಲ್ಲದವರ ಪಾಡು ಬೇರೆ. ಷಿಕಾಗೋದ ಶೆಡ್ ಅಕ್ವೇರಿಯಂ 1930ರಲ್ಲಿ ಆರಂಭವಾದಾಗ ಫ್ಲಾರಿಡಾದ ಕೀ ವೆಸ್ಟ್‌ನಿಂದ ರೈಲಿನ ಟ್ಯಾಂಕರುಗಳಲ್ಲಿ ಸಮುದ್ರದ ನೀರು ತರಿಸಿಕೊಂಡಿತ್ತು. ಈಗ ಒಳನಾಡಿನವರು ಲವಣಗಳನ್ನು ಬೆರೆಸಿ ತಾವೇ ಸಮುದ್ರದ ನೀರು ತಯಾರಿಸುತ್ತಾರೆ. ಅದು ದುಬಾರಿ, ಚೆಲ್ಲುವಂತಿಲ್ಲ. ಅದನ್ನೇ ತಿರುಗಿಸಿ ತಿರುಗಿಸಿ ಸೋಸುತ್ತಾರೆ: ಮರಳಿನ ಮೂಲಕ ಹಾಯಿಸಿ, ಗಾಳಿ ಊದಿ ನೊರೆಯೆಬ್ಬಿಸಿ ಆ ನೊರೆಯೊಂದಿಗೆ ಜಿಡ್ಡನ್ನು ಹೊರಹಾಕಿ, ರೋಗಾಣು ಕೊಲ್ಲುವ ಓಝೋನ್ ಅನಿಲ ಹಾಯಿಸಿ. ಇಲ್ಲೊಂದು ವಿಚಿತ್ರವಿದೆ. ಹೀಗೆ ತಿರುಗುವ ನೀರಿನಲ್ಲಿ ನೈಟ್ರೇಟ್ ಸೇರುತ್ತ ಹೋಗುತ್ತದೆ, ಅದು ಅಯೋಡಿನ್ ಮೈಗೆ ಹತ್ತದಂತೆ ತಡೆಯುತ್ತದೆ. ಓಝೋನ್ ಕೂಡ ಅಯೋಡಿನ್ನನ್ನು ಉಪಯೋಗಕ್ಕೆ ಬಾರದ ರೂಪಕ್ಕೆ ತಿರುಗಿಸುತ್ತದೆ. ಪರಿಣಾಮವಾಗಿ ಶಾರ್ಕ್‌ಗಳಿಗೆ ಗಂಟಲು ಊದಿಕೊಳ್ಳುತ್ತದೆ. ಅಯೋಡಿನ್ ಉಪ್ಪು ಬರುವ ಮೊದಲು ನಮ್ಮ ಮಲೆನಾಡಿನಲ್ಲಿ ಕಾಣುತ್ತಿದ್ದ ಗಳಗಂಡ, ಅದೇ ರೋಗ. ಮದ್ದೂ ಅದೇ, ಊಟದಲ್ಲಿ ಅಯೋಡಿನ್ ಸೇರಿಸುವುದು.

ಕಾಯಿಲೆಯ ಮಾತು ಬಂತು. ಹೊಸದಾಗಿ ಬಂದ ಯಾವ ಪ್ರಾಣಿಯೂ ನೇರ ಪ್ರದರ್ಶನಕ್ಕೆ ಹೋಗುವುದಿಲ್ಲ. ಸಾಮಾನ್ಯವಾಗಿ ಒಂದು ತಿಂಗಳಾದರೂ ಹಿಂಭಾಗದ ಪ್ರತ್ಯೇಕ ತೊಟ್ಟಿಯಲ್ಲಿರಬೇಕು. ಬಿಳಿಚುಕ್ಕೆ ರೋಗ ತರುವ ಪರಾವಲಂಬಿ ಒಂದೇ ಒಂದು ಮೀನಿನ ಜೊತೆ ಒಳಹೊಕ್ಕರೂ ಇಡೀ ತೊಟ್ಟಿ ಖಾಲಿಯಾಗಬಹುದು. ಅದಕ್ಕೆ ನೀರಿನಲ್ಲಿ ಅಳತೆಯ ತಾಮ್ರ ಬೆರೆಸುವುದು ಹಳೆಯ ಮದ್ದು. ಆದರೆ ಆ ತಾಮ್ರವನ್ನು ಶಾರ್ಕ್, ತೊರಕೆಗಳು ತಾಳಲಾರವು, ಸಿಗಡಿ ಹವಳಗಳಂತೂ ಸತ್ತೇ ಹೋಗುತ್ತವೆ. ಎಲ್ಲ ಜಾತಿಯೂ ಸೇರಿಕೊಂಡ ತೊಟ್ಟಿಯಲ್ಲಿ ಒಬ್ಬನ ಮದ್ದು ಇನ್ನೊಬ್ಬನ ವಿಷ. ವೈದ್ಯರಿಗೆ ಒಂದು ಅನುಕೂಲವೂ ಇದೆ: ಅಲ್ಟ್ರಾಸೌಂಡ್ ಮಾಡಲು ಜೆಲ್ ಹಚ್ಚಬೇಕಿಲ್ಲ, ನೀರೇ ಆ ಕೆಲಸ ಮಾಡುತ್ತದೆ. ಮತ್ತೆ ಅನೇಕ ಶಾರ್ಕ್‌ಗಳನ್ನು ಅಂಗಾತ ತಿರುಗಿಸಿ ಹಿಡಿದರೆ ಮಂಪರಿಗೆ ಹೋದಂತೆ ಸುಮ್ಮನಾಗಿಬಿಡುತ್ತವೆ, ಅಷ್ಟರಲ್ಲಿ ರಕ್ತ ತೆಗೆದುಬಿಡಬಹುದು.

ಇಷ್ಟೆಲ್ಲ ಯಂತ್ರಗಳಿದ್ದರೂ ಮೊದಲ ಸುಳಿವು ಬರುವುದು ಬಕೆಟ್‌ನಿಂದಲೇ. ನಿನ್ನೆ ಎಂಟು ನೂರು ಗ್ರಾಂ ತಿಂದದ್ದು ಇವತ್ತು ಮುನ್ನೂರಕ್ಕೆ ನಿಲ್ಲಿಸಿದರೆ ಪಾಲಕರು ಅದನ್ನು ಬರೆದಿಡುತ್ತಾರೆ, ವೈದ್ಯರಿಗೆ ಹೇಳುತ್ತಾರೆ. ಕಾಯಿಲೆಯನ್ನು ಮುಚ್ಚಿಡುವುದು ಮೀನಿನ ಸ್ವಭಾವ. ಬಲಹೀನತೆ ತೋರಿಸಿದರೆ ಸಮುದ್ರದಲ್ಲಿ ಬೇರೆಯವರು ತಿಂದುಬಿಡುತ್ತಾರೆ. ಹಸಿವನ್ನು ಮಾತ್ರ ನಟಿಸಲಾಗದು.

ದೊಡ್ಡ ಬಿಳಿ ಶಾರ್ಕಿನ ಕಥೆಯನ್ನೇ ನೋಡಿ. 1984ರಲ್ಲಿ ಮಾಂಟೆರೆಯವರು ಮೊದಲ ಸಲ ಪ್ರಯತ್ನಿಸಿದಾಗ ಅದು ಏನನ್ನೂ ತಿನ್ನದೆ 11 ದಿನದಲ್ಲಿ ಸತ್ತಿತು. ಇಪ್ಪತ್ತು ವರ್ಷ ಬಿಟ್ಟು ವಿಧಾನ ಬದಲಿಸಿದರು. ಹಿಡಿದ ಮರಿಶಾರ್ಕನ್ನು ಮೊದಲು ಸಮುದ್ರದಲ್ಲೇ ಕಟ್ಟಿದ ಭಾರಿ ಬಲೆಯ ಆವರಣದಲ್ಲಿಟ್ಟು, ತಾನಾಗಿ ತಿನ್ನತೊಡಗಿದರೆ ಮಾತ್ರ ಟ್ಯಾಂಕರ್ ಲಾರಿಯಲ್ಲಿ ತರುವುದು. 2004ರ ಸೆಪ್ಟೆಂಬರ್‌ನಲ್ಲಿ ಬಂದ ಹೆಣ್ಣು ಶಾರ್ಕ್ 198 ದಿನ ಇತ್ತು. ಚೆನ್ನಾಗಿ ತಿಂದಿತು, ಬೆಳೆಯಿತು, ಜೊತೆಗಿದ್ದ ಎರಡು ಸೂಪ್‌ಫಿನ್ ಶಾರ್ಕ್‌ಗಳನ್ನೂ ಕೊಂದಿತು. 2005ರ ಮಾರ್ಚ್ 31ರಂದು ಸಮುದ್ರಕ್ಕೆ ಬಿಟ್ಟರು. 2011ರವರೆಗೆ ಒಟ್ಟು ಆರು ಬಿಳಿ ಶಾರ್ಕ್‌ಗಳು ಹೀಗೆ ಬಂದು ಹೋದವು. ಕೊನೆಯದು ಬಿಡುಗಡೆಯಾದ ಕೂಡಲೇ ಸತ್ತಿತು. ಆಮೇಲೆ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಜನಸಾಗರವನ್ನೇ ಸೆಳೆಯುತ್ತಿದ್ದ ಪ್ರಾಣಿ ಅದು, ಆದರೂ ನಿಲ್ಲಿಸಿದರು. ಅದನ್ನು ನಾನು ದೊಡ್ಡ ನಿರ್ಧಾರವೆಂದೇ ಎಣಿಸುತ್ತೇನೆ. 2016ರಲ್ಲಿ ಜಪಾನಿನ ಒಕಿನಾವಾ ಚುರೌಮಿ ಅಕ್ವೇರಿಯಂ ಮೂರೂವರೆ ಮೀಟರಿನ ಬೆಳೆದ ಬಿಳಿ ಶಾರ್ಕನ್ನು ಪ್ರದರ್ಶಿಸಿತು. ಅದು ಊಟ ಮುಟ್ಟಲಿಲ್ಲ, ಮೂರು ದಿನದಲ್ಲಿ ಸತ್ತಿತು. ಇದೇ ಒಕಿನಾವಾದಲ್ಲಿ ಜಿಂತಾ ಎಂಬ ತಿಮಿಂಗಿಲ ಶಾರ್ಕ್ (ಜಗತ್ತಿನ ಅತಿ ದೊಡ್ಡ ಮೀನು ಇದೇ ಜಾತಿ) 1995ರಲ್ಲಿ ಬಂದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಬದುಕಿದೆ, ನೆಟ್ಟಗೆ ನಿಂತು ಸೀಗಡಿಯಂಥ ಕ್ರಿಲ್‌ಗಳನ್ನು ನೀರಿನ ಸಮೇತ ಹೀರುತ್ತ. ಗಾತ್ರ ದೊಡ್ಡದಾದರೆ ಸಾಕುವುದು ಕಷ್ಟ ಎಂಬ ಸರಳ ನಿಯಮ ಇಲ್ಲಿಲ್ಲ.

ತಿಮಿಂಗಿಲ ಶಾರ್ಕ್‌ಗಳೂ ಎಲ್ಲೆಡೆ ಹೀಗೆ ಬಾಳಲಿಲ್ಲ. ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಅಕ್ವೇರಿಯಂನಲ್ಲಿ ರಾಲ್ಫ್ ಎಂಬುದು 2007ರ ಜನವರಿಯಲ್ಲಿ, ನಾರ್ಟನ್ ಎಂಬುದು ಜೂನ್‌ನಲ್ಲಿ ಸತ್ತವು. ಅದಕ್ಕೂ ಮೊದಲು ಪರಾವಲಂಬಿಗಳನ್ನು ಕೊಲ್ಲಲು ತೊಟ್ಟಿಗೆ ರಾಸಾಯನಿಕ ಹಾಕಿದ್ದರು. ಎರಡೂ ಊಟ ಬಿಟ್ಟವು, ಕೊಳವೆಯಿಂದ ತಿನ್ನಿಸಬೇಕಾಯಿತು. ಹಸಿವು ಸತ್ತದ್ದಕ್ಕೆ ಆ ರಾಸಾಯನಿಕವೇ ಕಾರಣವಿರಬಹುದೆಂಬ ಶಂಕೆಯನ್ನು ಸಂಸ್ಥೆಯೇ ಬಹಿರಂಗವಾಗಿ ಹೇಳಿತು.

ಈಗ ಅಳಿಯಂದಿರ ಅರ್ಧ ನಿಜ. ಹೆಸರಿರುವ, ಜನ ಗುರುತಿಡುವ ಪ್ರಾಣಿ ಸತ್ತರೆ ಮುಚ್ಚಿಡುವುದು ಸುಲಭವಲ್ಲ. ಒಳ್ಳೆಯ ಸಂಸ್ಥೆಗಳು ಪ್ರಕಟಿಸುತ್ತವೆ, ಸತ್ತ ಪ್ರತಿ ದೊಡ್ಡ ಪ್ರಾಣಿಯ ಮರಣೋತ್ತರ ಪರೀಕ್ಷೆಯನ್ನೂ ಮಾಡುತ್ತವೆ. ಆದರೆ ನೀವು ಮೈಮರೆತು ನೋಡಿದ ಜೆಲ್ಲಿ ಮೀನುಗಳನ್ನು ಬದಲಿಸುತ್ತಲೇ ಇರುತ್ತಾರೆ, ಬದಲಿಸಲೇಬೇಕು. ಚಂದ್ರ ಜೆಲ್ಲಿಯ ಛತ್ರಿಯಾಕಾರದ ರೂಪ ಹೆಚ್ಚೆಂದರೆ ವರ್ಷದ ಆಸುಪಾಸು ಬಾಳುತ್ತದೆ. ಹಿಂದಿನ ಕೋಣೆಯಲ್ಲಿ ಸಾಸಿವೆಕಾಳಿನಷ್ಟು ಚಿಕ್ಕ, ಗಾಜಿಗೆ ಅಂಟಿಕೊಂಡ ಪಾಲಿಪ್‌ಗಳನ್ನು, ಅಂದರೆ ಜೆಲ್ಲಿಯ ಎಳೆಯ ರೂಪವನ್ನು, ಬೆಳೆಸಿಟ್ಟಿರುತ್ತಾರೆ. ನೀರನ್ನು ತಣಿಸಿದರೆ ಅವುಗಳ ಮೈ ಅಡ್ಡಡ್ಡ ಸೀಳಿ ಒಂದೊಂದೇ ಪದರವಾಗಿ ಕಳಚಿ ಮರಿ ಜೆಲ್ಲಿಗಳಾಗುತ್ತವೆ. ಅವಕ್ಕೆ ಊಟ, ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಸಣ್ಣ ಉಪ್ಪುನೀರಿನ ಸಿಗಡಿ. ಒಣ ಮೊಟ್ಟೆಗಳನ್ನು ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಮರಿಯಾಗುತ್ತವೆ. ಜೆಲ್ಲಿಯ ತೊಟ್ಟಿಗೆ ಮೂಲೆಗಳೇ ಇರುವುದಿಲ್ಲ ಎಂಬುದನ್ನು ಗಮನಿಸಿದಿರಾ? ಈಜಿ ತಪ್ಪಿಸಿಕೊಳ್ಳಲಾರದ ಪ್ರಾಣಿ ಮೂಲೆಗೆ ಸಿಕ್ಕಿ ಹರಿದುಹೋಗದಿರಲೆಂದು ದುಂಡನೆಯ ತೊಟ್ಟಿಯಲ್ಲಿ ನೀರನ್ನು ನಿಧಾನವಾಗಿ ಸುತ್ತಿಸುತ್ತಾರೆ.

ದೈತ್ಯ ಪೆಸಿಫಿಕ್ ಆಕ್ಟೋಪಸ್ ಕೂಡ ಮೂರರಿಂದ ಐದು ವರ್ಷದ ಅತಿಥಿ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಊಟ ಬಿಟ್ಟು, ಮೊಟ್ಟೆ ಕಾಯುತ್ತಲೇ ಸಾಯುತ್ತದೆ. ಅದಕ್ಕೆ ಚಿಕಿತ್ಸೆಯಿಲ್ಲ, ಅದು ಕಾಯಿಲೆಯೇ ಅಲ್ಲ. ಸಿಯಾಟಲ್ ಅಕ್ವೇರಿಯಂನವರು ಪ್ರಾಯಕ್ಕೆ ಬಂದ ಆಕ್ಟೋಪಸ್‌ಗಳನ್ನು ಜೋಡಿ ಹುಡುಕಿಕೊಳ್ಳಲಿ ಎಂದು ಸಮುದ್ರಕ್ಕೇ ಬಿಡುತ್ತಾರೆ. ಇನ್ನೊಂದು ತುದಿಯಲ್ಲಿ ಮೆಥುಸೆಲಾ ಇದ್ದಾಳೆ. ಆಸ್ಟ್ರೇಲಿಯಾದ ಶ್ವಾಸಕೋಶದ ಮೀನು, 1938ರಲ್ಲಿ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವಳು. 2023ರಲ್ಲಿ ಡಿಎನ್‌ಎ ಪರೀಕ್ಷಿಸಿ ಅವಳ ವಯಸ್ಸನ್ನು ಸುಮಾರು 92 ಎಂದು ಅಂದಾಜು ಮಾಡಿದರು. ತಾಜಾ ಅಂಜೂರ ಅವಳಿಗೆ ಬಹಳ ಇಷ್ಟ. ಮುಂದಿನ ಸಲ ಹೋದಾಗ ಗೋಲ್ಡನ್ ಗೇಟ್ ಪಾರ್ಕಿನಲ್ಲಿರುವ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ ವಿಚಾರಿಸಿ.

ಮೊಮ್ಮಗಳ ಓದಿನ ವಿಷಯ. ಅಮೆರಿಕದಲ್ಲೇ ಓದುವುದಾದರೆ ಸಮುದ್ರ ಜೀವಶಾಸ್ತ್ರದ ಪದವಿ, ಜೊತೆಗೆ ಸ್ಕೂಬಾ ಪ್ರಮಾಣಪತ್ರ. ಆದರೆ ಪದವಿಗಿಂತ ಹೆಚ್ಚು ಬಾಗಿಲು ತೆರೆಯುವುದು ಸ್ವಯಂಸೇವೆ. ಅಲ್ಲಿ ನೀವು ಕಂಡ ಮುಳುಗುಗಾರರಲ್ಲಿ ಅನೇಕರು ಸಂಬಳವಿಲ್ಲದ ಸ್ವಯಂಸೇವಕರೇ. ಊರಿಗೆ ಬಂದು ಓದುವುದಾದರೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, ದೇಶದ ಮೊದಲನೆಯದು. ನಾಲ್ಕು ವರ್ಷದ ಬಿ.ಎಫ್.ಎಸ್ಸಿ.ಯಲ್ಲಿ ನೀರಿನ ರಸಾಯನಶಾಸ್ತ್ರದಿಂದ ಮೀನಿನ ರೋಗದವರೆಗೆ ಎಲ್ಲ ಕಲಿಸುತ್ತಾರೆ. ಸ್ನಾತಕೋತ್ತರಕ್ಕೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ವಿಭಾಗವಿದೆ.

ಸಂಬಳ ದೊಡ್ಡದಲ್ಲ ಎಂದು ಈಗಲೇ ಹೇಳಿಬಿಡಿ. ಡಾಲ್ಫಿನ್ ಜೊತೆ ಈಜುವ ಕನಸಿಟ್ಟುಕೊಂಡು ಬರುವವರಲ್ಲಿ ಬಹಳ ಜನ ಮೊದಲ ವರ್ಷವೇ ಬಿಟ್ಟುಹೋಗುತ್ತಾರೆ, ಏಕೆಂದರೆ ದಿನದ ಅರ್ಧ ಹೊತ್ತು ಮೀನು ಕೊಯ್ಯುವುದು, ಬಕೆಟ್ ತೊಳೆಯುವುದು, ಅಂಕಿ ಬರೆಯುವುದರಲ್ಲೇ ಕಳೆಯುತ್ತದೆ. ಕೈಯ ವಾಸನೆ ಮನೆಯವರೆಗೂ ಬರುತ್ತದೆ. ನಿಮ್ಮ ಮನೆಯಲ್ಲಿ ಮೀನಿನ ಅಡುಗೆ ಇಲ್ಲವಾದರೆ, ಪರಿಚಯದ ಕರಾವಳಿಯವರ ಮನೆಗೆ ಒಂದು ಭಾನುವಾರ ಅವಳನ್ನು ಕಳಿಸಿ, ಎರಡು ಕಿಲೋ ಬೂತಾಯಿ ಸ್ವಚ್ಛ ಮಾಡಿಸಿ ನೋಡಿ. ಮುಖ ಸಿಂಡರಿಸದೆ ಮುಗಿಸಿದರೆ ಕಾಲೇಜಿನ ಅರ್ಜಿಯ ಬಗ್ಗೆ ಮತ್ತೊಮ್ಮೆ ಬರೆಯಿರಿ.